ಗುಲಾಬಿ ಕಾಯಿಕೊರಕ: ಅಮೆರಿಕದಲ್ಲಿ ಅಳಿದ ಹುಳು ನಮ್ಮ ಹತ್ತಿಯಲ್ಲಿ ಉಳಿದದ್ದೇಕೆ?

ಹತ್ತಿಯ ಸುದ್ದಿಗಳು ಈಚೆಗೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ. 2025ರ ಫೆಬ್ರುವರಿ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಹತ್ತಿಯ ಇಳುವರಿ ಹೆಚ್ಚಿಸಲು ಐದು ವರ್ಷಗಳ ಮಿಷನ್ ಘೋಷಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಹೊರದೇಶದ ಹತ್ತಿಯ ಮೇಲಿದ್ದ ಶೇ 11ರಷ್ಟು ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆಯಿತು. ನಡುವೆ ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಿಂದ ಇನ್ನೊಂದು ಸುದ್ದಿ ಬಂತು. ಗುಲಾಬಿ ಕಾಯಿಕೊರಕವನ್ನು ತಡೆಯುವ ಹೊಸ ಕುಲಾಂತರಿ ಹತ್ತಿಯನ್ನು ಅಲ್ಲಿ ಬೆಳೆಸಲಾಗಿದೆ ಎಂದು.

ಇದನ್ನೆಲ್ಲ ಓದಿದವರಿಗೆ ಗೊಂದಲ ಆಗುವುದು ಸಹಜ. ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಹತ್ತಿ ಬಂದದ್ದೇ ಕಾಯಿಕೊರಕವನ್ನು ತಡೆಯುವುದಕ್ಕೆ ಅಲ್ವಾ? ದೇಶದಲ್ಲಿ ಬೆಳೆಯುವ ಹತ್ತಿಯಲ್ಲಿ ಶೇ 90ಕ್ಕಿಂತ ಜಾಸ್ತಿ ಬಿಟಿಯೇ. ಹಾಗಿದ್ದರೆ ರಾಯಚೂರು, ಯಾದಗಿರಿಯ ಹೊಲಗಳಲ್ಲಿ ಕಾಯಿ ಒಡೆದರೆ ಒಳಗೆ ಗುಲಾಬಿ ಬಣ್ಣದ ಹುಳು ಯಾಕೆ ಸಿಗುತ್ತದೆ?

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ತನ್ನ ದೇಶದ ಹತ್ತಿ ಪ್ರದೇಶಗಳಲ್ಲಿ ಈ ಹುಳು ಪೂರ್ತಿ ನಿರ್ಮೂಲವಾಗಿದೆ ಎಂದು ಘೋಷಿಸಿತು. ಅಲ್ಲಿಯೂ ಬಳಸಿದ್ದು ಬಿಟಿ ಹತ್ತಿಯನ್ನೇ. ಹುಳು ಅದೇ, ಜೀನ್‌ಗಳೂ ಅವೇ. ಒಂದು ಕಡೆ ಹುಳು ಅಳಿಯಿತು, ಇನ್ನೊಂದು ಕಡೆ ಬಿಟಿಯನ್ನೇ ಅರಗಿಸಿಕೊಂಡಿತು. ಈ ವ್ಯತ್ಯಾಸದ ಮೂಲ ಹುಡುಕಬೇಕಾದರೆ ಬೀಜ ಕಂಪನಿಯ ಪ್ರಯೋಗಾಲಯಕ್ಕೆ ಹೋಗುವ ಮೊದಲು ಒಂದು ಪುಟ್ಟ ಪತಂಗದ ಬದುಕನ್ನು ನೋಡಬೇಕು.

ಯಾವ ಹುಳು ಇದು?

ಹತ್ತಿಯಲ್ಲಿ ಕಾಯಿಕೊರಕ ಅಂದರೆ ಒಂದೇ ಹುಳು ಅಲ್ಲ. ಮುಖ್ಯವಾಗಿ ಮೂರಿವೆ. ಹಸಿರು ಅಥವಾ ಅಮೆರಿಕನ್ ಕಾಯಿಕೊರಕ ಒಂದು, ಚುಕ್ಕೆ ಕಾಯಿಕೊರಕ ಇನ್ನೊಂದು, ಗುಲಾಬಿ ಕಾಯಿಕೊರಕ ಮೂರನೆಯದು. 1990ರ ದಶಕದಲ್ಲಿ ರೈತರು ಮೇಲಿಂದ ಮೇಲೆ ಔಷಧ ಹೊಡೆದು ಸೋತದ್ದು ಮುಖ್ಯವಾಗಿ ಹಸಿರು ಕಾಯಿಕೊರಕದ ಎದುರು. ಬಿಟಿ ಹತ್ತಿ ಆ ಹುಳುವನ್ನು ಚೆನ್ನಾಗಿಯೇ ಹಿಡಿತಕ್ಕೆ ತಂದಿತು, ಈಗಲೂ ಬಹುಪಾಲು ಹಿಡಿತದಲ್ಲಿಟ್ಟಿದೆ. ಹಾಗಾಗಿ "ಬಿಟಿ ಸೋತಿತು" ಎನ್ನುವುದೂ ಪೂರ್ತಿ ನಿಜ ಅಲ್ಲ, "ಬಿಟಿ ಗೆದ್ದಿತು" ಎನ್ನುವುದೂ ನಿಜ ಅಲ್ಲ. ಸೋತದ್ದು ಮೂರನೆಯ ಹುಳುವಿನ ಎದುರು.

ವಿಜ್ಞಾನದಲ್ಲಿ ಇದರ ಹೆಸರು ಪೆಕ್ಟಿನೋಫೋರಾ ಗಾಸಿಪಿಯೆಲ್ಲಾ. ಇದು ಭಾರತಕ್ಕೆ ಹೊಸದಾಗಿ ಬಂದದ್ದಲ್ಲ. 1842ರಲ್ಲಿ ನಮ್ಮ ದೇಶದ ಹತ್ತಿಯನ್ನು ಹಾಳುಮಾಡುತ್ತಿದ್ದ ಹುಳುಗಳನ್ನು ನೋಡಿಯೇ ಸಾಂಡರ್ಸ್ ಎಂಬ ಕೀಟತಜ್ಞರು ಇದನ್ನು ಮೊದಲು ವಿವರಿಸಿದರು.

ಬೆಳೆದ ಪತಂಗವನ್ನು ಗಮನಿಸುವವರೇ ಕಡಿಮೆ. ಬೂದು ಮಿಶ್ರಿತ ಕಂದು ಬಣ್ಣ, ರೆಕ್ಕೆ ಬಿಚ್ಚಿದರೆ ಒಂದೂವರೆಯಿಂದ ಎರಡು ಸೆಂಟಿಮೀಟರ್. ಮುಂದಿನ ರೆಕ್ಕೆಯ ಮೇಲೆ ಗಾಢ ಬಣ್ಣದ ಅಸ್ಪಷ್ಟ ಪಟ್ಟೆಗಳು. ಹಿಂದಿನ ರೆಕ್ಕೆ ಬೆಳ್ಳಿಬೂದು, ಅದರ ಅಂಚಿಗೆ ಸೆರಗಿನ ಕುಚ್ಚಿನಂತಹ ಉದ್ದ ಕೂದಲು. ಹಗಲೆಲ್ಲ ಮಣ್ಣಿನ ಬಿರುಕಿನಲ್ಲೋ ಕಸದ ಅಡಿಯಲ್ಲೋ ಸುಮ್ನೆ ಕೂತಿರುತ್ತದೆ. ಹಾರಾಟ, ಕೂಡುವಿಕೆ, ಮೊಟ್ಟೆ ಇಡುವುದು ಎಲ್ಲವೂ ರಾತ್ರಿ. ಹೊಲದಲ್ಲಿ ಹಗಲು ದುಡಿಯುವವರ ಕಣ್ಣಿಗೆ ಇದು ಬೀಳುವುದೇ ಅಪರೂಪ.

ಇದರ ನೆಲೆ ಹತ್ತಿ ಗಿಡ. ಬೆಂಡೆ, ದಾಸವಾಳದ ಜಾತಿಯ ಕೆಲವು ಗಿಡಗಳಲ್ಲೂ ಬದುಕಬಲ್ಲದು. ಆದರೆ ಅದು ನಿಜವಾಗಿ ನೆಚ್ಚಿಕೊಂಡಿರುವುದು ಹತ್ತಿಯನ್ನು, ಅದರಲ್ಲೂ ಹತ್ತಿಯ ಬೀಜವನ್ನು. ಹಸಿರು ಕಾಯಿಕೊರಕಕ್ಕೆ ತೊಗರಿ, ಕಡಲೆ, ಟೊಮೆಟೊ ಎಲ್ಲವೂ ಆಗುತ್ತದೆ. ಗುಲಾಬಿ ಹುಳುವಿಗೆ ಅಂಥ ಆಯ್ಕೆ ಇಲ್ಲ. ಈ ಒಂದು ಗುಣ ಮುಂದೆ ಎರಡು ಬಾರಿ ಮುಖ್ಯವಾಗುತ್ತದೆ. ಒಮ್ಮೆ ಹುಳುವಿಗೆ ಅನುಕೂಲವಾಗಿ, ಇನ್ನೊಮ್ಮೆ ನಮಗೆ ಅನುಕೂಲವಾಗಿ.

ಒಂದು ತಿಂಗಳ ಬದುಕು

ಒಂದು ಹೆಣ್ಣು ಪತಂಗ ಇನ್ನೂರು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಅರ್ಧ ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆಗಳು. ಒಂಟಿಯಾಗಿ ಅಥವಾ ಐದರಿಂದ ಹತ್ತರ ಗುಂಪಿನಲ್ಲಿ ಇಡುತ್ತದೆ. ಗಿಡದಲ್ಲಿ ಕಾಯಿ ಕಟ್ಟಿದ ಮೇಲೆ ಮೊಟ್ಟೆಗೆ ಇದರ ಇಷ್ಟದ ಜಾಗ ಕಾಯಿಯ ಬುಡದ ತೊಟ್ಟೆಲೆಯ ಸಂದು. ಅಲ್ಲಿಗೆ ಹಕ್ಕಿಯ ಕೊಕ್ಕೂ ಹೋಗದು, ಔಷಧದ ಹನಿಯೂ ಸರಿಯಾಗಿ ತಲುಪದು.

ನಾಲ್ಕೈದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿಹುಳು ಒಂದೆರಡು ದಿನದೊಳಗೆ ಮೊಗ್ಗು, ಹೂ ಅಥವಾ ಎಳೆಕಾಯಿಯ ಒಳಗೆ ಸೇರಿಕೊಳ್ಳುತ್ತದೆ. ಹೂವಿನಲ್ಲಿದ್ದರೆ ಎಸಳುಗಳನ್ನು ನೂಲಿನಿಂದ ಹೆಣೆದು ಮುಚ್ಚಿಬಿಡುತ್ತದೆ. ಅಂಥ ಹೂ ಅರಳುವುದಿಲ್ಲ, ಮುದುಡಿದ ಗುಲಾಬಿಯ ಹಾಗೆ ಕಾಣುತ್ತದೆ. ರೋಸೆಟ್ ಹೂ ಎಂದು ಕರೆಯುವುದು ಇದನ್ನೇ. ಹುಳು ಬಂದಿದೆ ಎಂದು ಗಿಡ ಕೊಡುವ ಮೊದಲ ಸುಳಿವೂ ಇದೇ.

ಕಾಯಿಯೊಳಗೆ ಹೊಕ್ಕರೆ ಕಥೆ ಬೇರೆ. ಹುಳು ಹೊಕ್ಕ ತೂತು ಕೆಲವೇ ದಿನಗಳಲ್ಲಿ ಮಾಯ್ದು ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಕಾಯಿ ಹಸಿರಾಗಿ, ದುಂಡಗೆ, ಆರೋಗ್ಯವಾಗಿ ಕಾಣುತ್ತದೆ. ಒಳಗೆ ಹುಳು ಅರಳೆಯನ್ನು ಕತ್ತರಿಸಿಕೊಂಡು ಬೀಜದಿಂದ ಬೀಜಕ್ಕೆ ದಾಟುತ್ತಿರುತ್ತದೆ. ಮೊದಲು ಬಿಳಿಯಾಗಿದ್ದ ಹುಳುವಿಗೆ ಬೆಳೆಯುತ್ತಾ ಗುಲಾಬಿ ಬಣ್ಣ ಬರುತ್ತದೆ. ಹನ್ನೆರಡು ಹದಿಮೂರು ಮಿಲಿಮೀಟರ್ ಆಗುವ ಹೊತ್ತಿಗೆ ಎರಡು ವಾರ ಕಳೆದಿರುತ್ತದೆ. ಆಮೇಲೆ ಕಾಯಿಗೆ ದುಂಡಗಿನ ತೂತು ಕೊರೆದು ಹೊರಬಂದು ನೆಲಕ್ಕೆ ಬಿದ್ದು, ಮೇಲ್ಮಣ್ಣಿನಲ್ಲಿ ಕಂದು ಬಣ್ಣದ ಕೋಶವಾಗುತ್ತದೆ. ಎಂಟು ಹತ್ತು ದಿನಕ್ಕೆ ಕೋಶದಿಂದ ಪತಂಗ. ಮೊಟ್ಟೆಯಿಂದ ಪತಂಗಕ್ಕೆ ಸುಮಾರು ಒಂದು ತಿಂಗಳು.

ರೈತರಿಗೆ ಹುಳು ಗೊತ್ತಾಗುವುದು ಕಾಯಿ ಅರ್ಧಂಬರ್ಧ ಬಿರಿದು, ಅರಳೆ ಹಳದಿಯಾಗಿ, ಎಳೆದರೂ ಬಾರದೆ ಅಂಟಿಕೊಂಡಾಗ. ಅಷ್ಟೊತ್ತಿಗೆ ಆ ಹುಳು ಪತಂಗವಾಗಿ ಹಾರಿ ಮುಂದಿನ ಮೊಟ್ಟೆಗಳನ್ನೂ ಇಟ್ಟಾಗಿರುತ್ತದೆ. ಔಷಧ ಮುಟ್ಟುವುದು ಮರಿಹುಳು ಹೊರಗಿರುವ ಆ ಒಂದೆರಡು ದಿನ ಮತ್ತು ರಾತ್ರಿ ಹಾರುವ ಪತಂಗವನ್ನು ಮಾತ್ರ. ಕಾಯಿ ಕೆಟ್ಟಿದ್ದು ನೋಡಿ ಔಷಧ ಹೊಡೆದರೆ ಹುಳುವಿಗೆ ಏನೂ ಆಗುವುದಿಲ್ಲ. ಹೊಡೆಯುವವರ ಮೈಗೆ ಆಗುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ ಇಪ್ಪತ್ತರಷ್ಟು ರೈತರು, ಕೂಲಿಗಳು ವಿಷವೇರಿ ಸತ್ತರು. ಆ ಹಂಗಾಮಿನಲ್ಲಿ ಆ ಭಾಗದ ಹೊಲಗಳಲ್ಲಿ ಕಾಯಿಕೊರಕದ ಕಾಟ ಬಲವಾಗಿತ್ತು. ಹತ್ತಿಯ ಚರ್ಚೆಯಲ್ಲಿ ಇಳುವರಿಯ ಅಂಕಿಗಳ ಜೊತೆ ಈ ಸಾವುಗಳನ್ನೂ ನೆನಪಿಡಬೇಕು.

ಬೀಜದೊಳಗಿನ ನಿದ್ದೆ

ಈ ಪತಂಗದ ಬದುಕಿನಲ್ಲಿ ಇನ್ನೊಂದು ಹಂತವಿದೆ. ಹಗಲು ಕಿರಿದಾಗಿ ಚಳಿ ಶುರುವಾದಾಗ ಕೆಲವು ಹುಳುಗಳು ಕೋಶವಾಗುವುದೇ ಇಲ್ಲ. ಎರಡು ಬೀಜಗಳನ್ನು ನೂಲಿನಿಂದ ಅಂಟಿಸಿಕೊಂಡು ನಡುವೆ ಮಲಗಿಬಿಡುತ್ತವೆ. ಅರಳೆಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್‌ಗಳಲ್ಲಿ ಕಾಣುವ ಜೋಡಿ ಬೀಜ ಅಂದರೆ ಇದೇ. ಈ ನಿದ್ದೆ ತಿಂಗಳುಗಟ್ಟಲೆ ನಡೆಯುತ್ತದೆ, ವರ್ಷ ದಾಟಿದ ದಾಖಲೆಗಳೂ ಇವೆ. ಬಿಸಿಲು ಜಾಸ್ತಿ ಇರುವ ನಮ್ಮ ಕಡೆ ಎಲ್ಲ ಹುಳುಗಳೂ ನಿದ್ದೆಗೆ ಜಾರುವುದಿಲ್ಲ. ಹೊಲದಲ್ಲಿ ಕಾಯಿ ಸಿಗುತ್ತಿದ್ದರೆ ಅವು ಸಂತಾನ ಮುಂದುವರಿಸುತ್ತಲೇ ಹೋಗುತ್ತವೆ.

ಕೊನೆಯ ಹತ್ತಿ ಬಿಡಿಸಿದ ಮೇಲೆ ಗಿಡದಲ್ಲಿ ಉಳಿದ ಒಣಕಾಯಿ, ಮನೆಯ ಪಕ್ಕ ಉರುವಲಿಗೆಂದು ಒಟ್ಟಿದ ಹತ್ತಿ ಕಟ್ಟಿಗೆ, ಮಿಲ್‌ಗಳಲ್ಲಿ ರಾಶಿ ಬಿದ್ದ ಬೀಜ, ಇವೆಲ್ಲ ಹುಳುವಿನ ಬೇಸಿಗೆ ಮನೆಗಳು. ಮುಂಗಾರಿನ ತೇವಕ್ಕೆ ಅಲ್ಲಿಂದ ಪತಂಗಗಳು ಏಳುತ್ತವೆ. ಪಂಜಾಬ್, ಹರಿಯಾಣದ ಹತ್ತಿ ಪ್ರದೇಶಗಳಿಗೆ ಈ ಹುಳು ಮತ್ತೆ ಕಾಲಿಟ್ಟಾಗಲೂ ಮೊದಲು ಕಂಡದ್ದು ಜಿನ್ನಿಂಗ್ ಮಿಲ್ ಮತ್ತು ಎಣ್ಣೆ ಮಿಲ್‌ಗಳ ಸುತ್ತಲಿನ ಹೊಲಗಳಲ್ಲಿ. ಇಷ್ಟು ಸಣ್ಣ ಪತಂಗ ತಾನೇ ಹಾರಿ ದೇಶ ದಾಟಬೇಕಿಲ್ಲ, ಲಾರಿಯಲ್ಲಿ ಹೋಗುವ ಬೀಜವೇ ಅದಕ್ಕೆ ಸವಾರಿ.

ಬಿಟಿ ಕೆಲಸ ಮಾಡಿದ್ದು ಹೇಗೆ, ನಿಂತದ್ದು ಹೇಗೆ

ಬಿಟಿ ಎಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾ. ಅದರ ಜೀನನ್ನು ಹತ್ತಿಗೆ ಸೇರಿಸಿದರೆ ಗಿಡವೇ ಒಂದು ಪ್ರೋಟೀನ್ ತಯಾರಿಸುತ್ತದೆ. ಮರಿಹುಳು ತಿಂದಾಗ ಆ ಪ್ರೋಟೀನ್ ಅದರ ಕರುಳಿನ ಗೋಡೆಗೆ ಅಂಟಿ ರಂಧ್ರ ಮಾಡುತ್ತದೆ. ಹುಳು ಸಾಯುತ್ತದೆ. ಅಂಟುವುದಕ್ಕೆ ಕರುಳಿನಲ್ಲಿ ತಕ್ಕ ಜಾಗ ಬೇಕು. ಆ ಜಾಗದ ರೂಪ ಹುಟ್ಟಿನಿಂದಲೇ ಬದಲಾಗಿರುವ ಹುಳು ಲಕ್ಷಕ್ಕೆ ಒಂದೋ ಎರಡೋ ಇದ್ದರೆ, ಅವು ಬದುಕಿ ಉಳಿಯುತ್ತವೆ.

ನಮ್ಮಲ್ಲಿ ಒಂದು ಜೀನ್ ಇರುವ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. 2006ರಲ್ಲಿ ಎರಡು ಜೀನ್‌ಗಳ ಬೋಲ್‌ಗಾರ್ಡ್-2 ಬಂತು. ಮೊದಲ ಜೀನನ್ನು ಗುಲಾಬಿ ಹುಳು ಗೆದ್ದಿದೆ ಎಂದು 2010ರಲ್ಲಿ ಈ ತಂತ್ರಜ್ಞಾನ ತಂದ ಮಾನ್ಸಾಂಟೊ ಕಂಪನಿಯೇ ಹೇಳಿತು. ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಅದು ಕಂಡಿತ್ತು. ನಾಲ್ಕೈದು ವರ್ಷಗಳಲ್ಲಿ ಎರಡು ಜೀನ್‌ಗಳ ಹತ್ತಿಯಲ್ಲೂ ಹುಳು ಬದುಕತೊಡಗಿತು. 2017–18ರ ಹೊತ್ತಿಗೆ ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕದ ಹೊಲಗಳು ಇದರ ಬಿಸಿ ಅನುಭವಿಸಿದವು. 2021ರಲ್ಲಿ ಪಂಜಾಬಿನ ಬಠಿಂಡಾ, 2023ರಲ್ಲಿ ರಾಜಸ್ಥಾನದ ಹನುಮಾನಗಢ, ಶ್ರೀಗಂಗಾನಗರ.

ಈ ಗಂಡಾಂತರ ಮೊದಲೇ ಗೊತ್ತಿತ್ತು. ಅದಕ್ಕೇ ಆಶ್ರಯ ಬೆಳೆ ಎಂಬ ನಿಯಮ ಮಾಡಿದ್ದರು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜವನ್ನು ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಬೇಕಿತ್ತು. ಕಾರಣ ಹೀಗಿದೆ. ಬಿಟಿ ಹತ್ತಿಯಲ್ಲಿ ಬದುಕಿ ಉಳಿದ ಒಂದು ಅಪರೂಪದ ಪತಂಗಕ್ಕೆ ಜೋಡಿ ಬೇಕು. ಸುತ್ತಲಿನ ಸಾದಾ ಹತ್ತಿಯಲ್ಲಿ ಬೆಳೆದ ಸಾವಿರಾರು ಪತಂಗಗಳ ಪೈಕಿ ಒಂದರ ಜೊತೆ ಅದು ಕೂಡುತ್ತದೆ. ಈ ಹುಳುವಿನಲ್ಲಿ ಬಿಟಿ ತಾಳುವ ಗುಣ ಪ್ರಕಟವಾಗಲು ಅದು ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಒಬ್ಬರಿಂದ ಮಾತ್ರ ಬಂದರೆ ಮರಿ ಬಿಟಿ ತಿಂದು ಸಾಯುತ್ತದೆ. ಅಂದರೆ ಸಾದಾ ಹತ್ತಿ ಪತಂಗಗಳನ್ನು ಸಾಕುತ್ತಾ, ಆ ಮೂಲಕವೇ ಬಿಟಿಯನ್ನು ಕಾಯುತ್ತದೆ.

ಇದನ್ನು ರೈತರಿಗೆ ತಾಳ್ಮೆಯಿಂದ ವಿವರಿಸಿದವರು ಬಹಳ ಕಡಿಮೆ. ಎರಡು ಎಕರೆ ಇರುವವರಿಗೆ ಐದು ಸಾಲು ಹತ್ತಿಯನ್ನು ಹುಳುವಿಗೆ ಬಿಟ್ಟುಕೊಡಿ ಎಂದರೆ ಅದು ನಷ್ಟದಂತೆಯೇ ಕಾಣುತ್ತದೆ. ಬಹಳಷ್ಟು ಕಡೆ ಆ ಸಣ್ಣ ಪೊಟ್ಟಣ ಹೊಲಕ್ಕೆ ಹೋಗಲೇ ಇಲ್ಲ. ಆಮೇಲೆ ಸಾದಾ ಬೀಜವನ್ನು ಬಿಟಿ ಬೀಜದ ಚೀಲದಲ್ಲೇ ಬೆರೆಸಿ ಕೊಡುವ ಕ್ರಮ ಬಂತು. ಅಷ್ಟರಲ್ಲಿ ಹುಳು ಮುಂದೆ ಹೋಗಿತ್ತು. ಹಸಿರು ಹುಳುವಿಗೆ ತೊಗರಿ, ಕಡಲೆಯೇ ತಾನಾಗಿ ಆಶ್ರಯ ಬೆಳೆ ಆದವು. ಹತ್ತಿಯನ್ನೇ ನೆಚ್ಚಿದ ಗುಲಾಬಿ ಹುಳುವಿಗೆ ಸುತ್ತಲೂ ಬಿಟಿ ಬಿಟ್ಟು ಬೇರೇನೂ ಇರಲಿಲ್ಲ. ಹಾಗಾಗಿ ಬದುಕುಳಿದವು ಬದುಕುಳಿದವುಗಳ ಜೊತೆಗೇ ಕೂಡಿದವು.

ಹೈಬ್ರಿಡ್ ಎಂಬ ನಮ್ಮ ವಿಶೇಷ

ಇಲ್ಲಿ ಧಾರವಾಡದ ಕೊಂಡಿಯೊಂದಿದೆ. ಜಗತ್ತಿನಲ್ಲಿ ಹತ್ತಿಯ ಹೈಬ್ರಿಡ್ ಅನ್ನು ಮೊದಲು ಹೊಲಕ್ಕೆ ತಂದದ್ದು ಭಾರತ. 1970ರಲ್ಲಿ ಸೂರತ್‌ನಲ್ಲಿ ಸಿ.ಟಿ. ಪಟೇಲ್ ಎಚ್-4 ಕೊಟ್ಟರು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ವರಲಕ್ಷ್ಮಿ ತಳಿಯನ್ನು ರೂಪಿಸಿದರು. ಆ ಸಾಧನೆ ದೊಡ್ಡದು. ಉದ್ದ ಎಳೆಯ ಹತ್ತಿಗೆ ಹೊರದೇಶದ ಕಡೆ ನೋಡುತ್ತಿದ್ದ ಕಾಲದಲ್ಲಿ ಅದು ನಿಜವಾಗಿ ನೆರವಾಯಿತು.

ಬಿಟಿ ಬಂದಾಗ ಕಂಪನಿಗಳು ಜೀನನ್ನು ಹೈಬ್ರಿಡ್‌ಗಳಲ್ಲೇ ಸೇರಿಸಿದವು. ವ್ಯಾಪಾರದ ಕಾರಣ ಸರಳ. ಹೈಬ್ರಿಡ್ ಬೀಜವನ್ನು ರೈತರು ಉಳಿಸಿಕೊಂಡು ಮುಂದಿನ ವರ್ಷ ಬಿತ್ತಿದರೆ ಅದೇ ಬೆಳೆ ಬರುವುದಿಲ್ಲ, ಪ್ರತಿ ವರ್ಷ ಕೊಳ್ಳಲೇಬೇಕು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬಿಟಿ ಇರುವುದು ಬೀಜವೂ ತಾಯಿಗಿಡದಂತೆಯೇ ಇರುವ ಸಾಮಾನ್ಯ ತಳಿಗಳಲ್ಲಿ. ಈ ವ್ಯತ್ಯಾಸ ಹುಳುವಿಗೆ ಎರಡು ದಾರಿ ತೆರೆಯಿತು.

ಮೊದಲನೆಯದು ಬೀಜದೊಳಗೆ. ಹೈಬ್ರಿಡ್ ಗಿಡದ ಎಲೆ, ಕಾಂಡ ಎಲ್ಲದರಲ್ಲೂ ಬಿಟಿ ಇರುತ್ತದೆ. ಆದರೆ ಕಾಯಿಯೊಳಗಿನ ಬೀಜ ಮುಂದಿನ ಪೀಳಿಗೆ. ಅಲ್ಲಿ ಜೀನ್‌ಗಳು ಹಂಚಿಹೋಗುತ್ತವೆ. ಎರಡು ಜೀನ್‌ಗಳ ಹೈಬ್ರಿಡ್‌ನಲ್ಲಿ ಹದಿನಾರು ಬೀಜ ತೆಗೆದುಕೊಂಡರೆ ಸರಾಸರಿ ಒಂಬತ್ತರಲ್ಲಿ ಎರಡೂ ಇರುತ್ತವೆ, ಆರರಲ್ಲಿ ಒಂದೊಂದೇ, ಒಂದರಲ್ಲಿ ಯಾವುದೂ ಇಲ್ಲ. ಎಲೆ ತಿನ್ನುವ ಹುಳುವಿಗೆ ಇದರಿಂದ ವ್ಯತ್ಯಾಸವಿಲ್ಲ. ಬೀಜ ತಿನ್ನುವ ಗುಲಾಬಿ ಹುಳುವಿಗೆ ಒಂದೇ ಕಾಯಿಯಲ್ಲಿ ಕಡುವಿಷ, ಅರೆವಿಷ, ವಿಷವಿಲ್ಲದ್ದು ಎಲ್ಲವೂ ಸಿಗುತ್ತದೆ. ಅರೆಬರೆ ತಾಳುವ ಹುಳುವೂ ಹೀಗೆ ಬದುಕಿ ಮಕ್ಕಳು ಮಾಡುತ್ತದೆ.

ಎರಡನೆಯದು ಕಾಲ. ನಮ್ಮ ಹೈಬ್ರಿಡ್‌ಗಳು ಆರು ತಿಂಗಳು ಮತ್ತು ಅದಕ್ಕೂ ಮೀರಿ ಹೊಲದಲ್ಲಿ ನಿಲ್ಲುತ್ತವೆ. ನೀರು ಇದ್ದರೆ ಜೂನ್‌ನಲ್ಲಿ ಬಿತ್ತಿದ ಹತ್ತಿಯನ್ನು ಫೆಬ್ರುವರಿ, ಮಾರ್ಚ್‌ವರೆಗೂ ಬಿಡಿಸುತ್ತಾರೆ. ಗಿಡಕ್ಕೆ ವಯಸ್ಸಾದಂತೆ ಬಿಟಿ ಪ್ರೋಟೀನ್‌ನ ಪ್ರಮಾಣವೂ ಇಳಿಯುತ್ತದೆ. ಈಗ ಹುಳುವಿನ ಒಂದು ತಿಂಗಳ ಲೆಕ್ಕಕ್ಕೆ ಬನ್ನಿ. ಒಂದು ಹೆಣ್ಣಿನ ಇನ್ನೂರು ಮೊಟ್ಟೆಗಳಲ್ಲಿ ಹತ್ತು ಹೆಣ್ಣುಗಳು ಮಾತ್ರ ಬದುಕುತ್ತವೆ ಅಂದುಕೊಳ್ಳೋಣ. ಕಾಯಿ ಕಟ್ಟಿದ ಮೇಲೆ ಮೂರು ಪೀಳಿಗೆ ಕಳೆದರೆ ಒಂದು ಹೆಣ್ಣು ಸಾವಿರ ಆಗುತ್ತದೆ. ಇನ್ನೆರಡು ತಿಂಗಳು ಬೆಳೆ ನಿಂತರೆ ಆ ಸಾವಿರ ಲಕ್ಷ ಆಗುತ್ತದೆ. ಡಿಸೆಂಬರ್ ಮತ್ತು ಫೆಬ್ರುವರಿ ನಡುವಿನ ಅಂತರ ನಮಗೆ ಎರಡು ಬಾರಿ ಹತ್ತಿ ಬಿಡಿಸುವಷ್ಟು, ಹುಳುವಿಗೆ ನೂರು ಪಟ್ಟು.

ಅರಿಜೋನಾದಲ್ಲಿ ಏನು ಮಾಡಿದರು

ಅಮೆರಿಕಕ್ಕೆ ಈ ಹುಳು ಹೋದದ್ದು ಮೆಕ್ಸಿಕೊ ಮೂಲಕ, 1917ರಲ್ಲಿ ಟೆಕ್ಸಾಸ್‌ಗೆ. ಅಲ್ಲಿ ಬಿಟಿ ಹತ್ತಿ 1996ರಲ್ಲಿ ಬಂತು. ಮೊದಲ ಹತ್ತು ವರ್ಷ ಅಲ್ಲಿನ ಅರಿಜೋನಾ ರಾಜ್ಯದ ರೈತರು ಆಶ್ರಯ ಬೆಳೆಯನ್ನು ಬಹುಪಾಲು ನಿಯಮದಂತೆ ಬಿತ್ತಿದರು. ಹುಳು ಬಿಟಿಗೆ ಒಗ್ಗಿಕೊಳ್ಳಲಿಲ್ಲ, ಸಂಖ್ಯೆಯೂ ಇಳಿಯಿತು.

2006ರಿಂದ ಅವರು ಇನ್ನೊಂದು ಹೆಜ್ಜೆ ಇಟ್ಟರು. ಆಶ್ರಯ ಬೆಳೆಯ ಬದಲು ಸಣ್ಣ ವಿಮಾನಗಳಿಂದ ಬಂಜೆ ಪತಂಗಗಳನ್ನು ಹೊಲಗಳ ಮೇಲೆ ಬಿಟ್ಟರು. ಫೀನಿಕ್ಸ್ ನಗರದ ಕೇಂದ್ರವೊಂದರಲ್ಲಿ ಈ ಪತಂಗಗಳನ್ನು ಸಾಕಿ, ವಿಕಿರಣ ಹಾಯಿಸಿ ಬಂಜೆ ಮಾಡುತ್ತಿದ್ದರು. ಆಹಾರದಲ್ಲಿ ಕೆಂಪು ಬಣ್ಣ ಬೆರೆಸುತ್ತಿದ್ದರು, ಬಲೆಗೆ ಬಿದ್ದ ಪತಂಗ ತಮ್ಮದೋ ಹೊಲದ್ದೋ ತಿಳಿಯಲಿ ಎಂದು. 2014ರವರೆಗೆ ಹೀಗೆ ಬಿಟ್ಟದ್ದು 1,100 ಕೋಟಿಗೂ ಹೆಚ್ಚು ಪತಂಗ. ಬಿಟಿಯಲ್ಲಿ ಉಳಿದ ಒಂದೊಂದು ಪತಂಗಕ್ಕೂ ಸಿಗುತ್ತಿದ್ದದ್ದು ಬಂಜೆ ಜೋಡಿ. ಜೊತೆಗೆ ಹೆಣ್ಣಿನ ವಾಸನೆಯ ರಾಸಾಯನಿಕದಿಂದ ಗಂಡುಗಳ ದಾರಿ ತಪ್ಪಿಸಿದರು. ನಿಗದಿತ ದಿನದೊಳಗೆ ಎಲ್ಲರೂ ಹತ್ತಿ ಕಿತ್ತು ಉಳುಮೆ ಮಾಡಲೇಬೇಕಿತ್ತು. ವರ್ಷದಲ್ಲಿ ಕೆಲವು ತಿಂಗಳು ಹೊಲದಲ್ಲಿ ಹತ್ತಿಯೇ ಇರಬಾರದು. ಬೇರೆ ಬೆಳೆ ನೆಚ್ಚದ ಹುಳುವಿಗೆ ಅದು ಪೂರ್ತಿ ಉಪವಾಸ.

ಚೀನಾದ ಯಾಂಗ್ಟ್‌ಸೆ ಕಣಿವೆಯಲ್ಲಿ ಇನ್ನೊಂದು ಬಗೆ ಕಂಡಿತು. ಅಲ್ಲಿ ಒಂದೇ ಜೀನ್‌ನ ಬಿಟಿ ಹೈಬ್ರಿಡ್‌ನ ಎರಡನೇ ಪೀಳಿಗೆಯ ಅಗ್ಗದ ಬೀಜವನ್ನು ಬಹಳ ರೈತರು ಬಿತ್ತಿದರು. ಅದರಲ್ಲಿ ಸುಮಾರು ಕಾಲು ಭಾಗ ಗಿಡಗಳಲ್ಲಿ ಬಿಟಿ ಇರುವುದಿಲ್ಲ. ಅವೇ ತಾವಾಗಿ ಆಶ್ರಯ ಬೆಳೆ ಆದವು. ಹೆಚ್ಚತೊಡಗಿದ್ದ ನಿರೋಧಕತೆ 2010ರ ನಂತರ ಮತ್ತೆ ಇಳಿಯಿತು.

ಅಮೆರಿಕದ ಮಾದರಿಯನ್ನು ಹಾಗೇ ಇಲ್ಲಿಗೆ ತರಲು ಆಗದು. ಅಲ್ಲಿ ಒಬ್ಬೊಬ್ಬರದೂ ನೂರಾರು ಎಕರೆ, ಹುಳುವಿದ್ದ ಪ್ರದೇಶವೂ ಸೀಮಿತ. ನಮ್ಮಲ್ಲಿ ನೂರು ಲಕ್ಷ ಹೆಕ್ಟೇರ್‌ಗೂ ಮೀರಿ ಹತ್ತಿ, ಅದೂ ತುಂಡು ತುಂಡು ಹೊಲಗಳಲ್ಲಿ. ಬಿಟಿ ತಾಳಬಲ್ಲ ಹುಳುಗಳೇ ಈಗ ತುಂಬಿರುವ ಕಡೆ ಆಶ್ರಯ ಬೆಳೆಯೊಂದೇ ಹಳೆಯ ಸ್ಥಿತಿಯನ್ನು ತಂದುಕೊಡುವುದೂ ಕಷ್ಟ.

ಯಾರು ಏನು ಹೇಳುತ್ತಿದ್ದಾರೆ

ಬೀಜ ಉದ್ಯಮದ ವಾದ ಹೀಗಿದೆ: 2006ರ ನಂತರ ಭಾರತದಲ್ಲಿ ಹೊಸ ಕುಲಾಂತರಿ ಹತ್ತಿ ತಂತ್ರಜ್ಞಾನಕ್ಕೆ ಒಪ್ಪಿಗೆಯೇ ಸಿಕ್ಕಿಲ್ಲ. ಬೀಜದ ದರವನ್ನೂ ಸರ್ಕಾರವೇ ಕಟ್ಟಿಹಾಕಿದೆ. ಹಳೆಯ ಆಯುಧದಲ್ಲಿ ಹೊಸ ಹುಳುವಿನ ಜೊತೆ ಹೋರಾಡಿ ಎಂದರೆ ಹೇಗೆ? ಈ ಮಾತಿನಲ್ಲಿ ಹುರುಳಿದೆ. ಹೈದರಾಬಾದಿನ ಬಯೋಸೀಡ್ ಕಂಪನಿಯ, ಗುಲಾಬಿ ಹುಳುವಿಗೆಂದೇ ಮಾಡಿದ ಹತ್ತಿಯ ಹೊಲ ಪ್ರಯೋಗದ ಪ್ರಸ್ತಾಪ ನಾಲ್ಕು ರಾಜ್ಯಗಳ ಮುಂದೆ ಹೋಗಿತ್ತು. 2023ರಲ್ಲಿ ಹರಿಯಾಣ ಒಪ್ಪಿತು. ಗುಜರಾತ್, ಮಹಾರಾಷ್ಟ್ರ, ತೆಲಂಗಾಣ ಆಗ ಒಪ್ಪಿಗೆ ಕೊಡಲಿಲ್ಲ. ಪ್ರಯೋಗವೇ ನಡೆಯದಿದ್ದರೆ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದು ಹೇಗೆ?

ಇದೇ ಚರ್ಚೆಯಲ್ಲಿ ಒಂದು ತಪ್ಪು ಕಲ್ಪನೆ ಬಹಳ ಹರಡಿದೆ. ಕಳೆನಾಶಕ ತಾಳುವ ಎಚ್‌ಟಿಬಿಟಿ ಹತ್ತಿ ಬಂದರೆ ಗುಲಾಬಿ ಹುಳು ಹೋಗುತ್ತದೆ ಎಂದು ನಂಬಿಸಿ ಮಾರುವವರಿದ್ದಾರೆ. ಇದು ಸುಳ್ಳು. ಅದರಲ್ಲಿ ಹೊಸದಾಗಿರುವುದು ಕಳೆನಾಶಕವನ್ನು ತಾಳುವ ಗುಣ ಮಾತ್ರ. ಹುಳುವಿಗೆ ಸಂಬಂಧಿಸಿದಂತೆ ಅದರಲ್ಲಿರುವುದು ಬೋಲ್‌ಗಾರ್ಡ್-2ರ ಅದೇ ಎರಡು ಜೀನ್‌ಗಳು, ಅಂದರೆ ಹುಳು ಆಗಲೇ ಗೆದ್ದಿರುವವು. ಒಪ್ಪಿಗೆ ಇಲ್ಲದೆ ಕಳ್ಳದಾರಿಯಲ್ಲಿ ಬರುವ ಈ ಬೀಜದಲ್ಲಿ ಏನಿದೆ ಎಂಬುದಕ್ಕೆ ಯಾರ ಖಾತ್ರಿಯೂ ಇಲ್ಲ. ಬೆಳೆ ಕೆಟ್ಟರೆ ಪರಿಹಾರ ಕೇಳಲು ರಸೀದಿಯೂ ಇರುವುದಿಲ್ಲ.

ಕುಲಾಂತರಿ ಬೆಳೆಗಳನ್ನು ವಿರೋಧಿಸುವವರು ಬಿಟಿಯ ಸೋಲನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಒಂದು ಜೀನ್ ಸೋತಿತು, ಎರಡು ಸೋತವು, ಮೂರನೆಯದೂ ಸೋಲುತ್ತದೆ, ರೈತರ ಖರ್ಚು ಮಾತ್ರ ಏರುತ್ತದೆ ಎನ್ನುತ್ತಾರೆ. ಇದರಲ್ಲೂ ಸತ್ಯವಿದೆ. ಆದರೆ ಅರಿಜೋನಾದಲ್ಲಿ ಅದೇ ಜೀನ್‌ಗಳು ಸೋಲಲಿಲ್ಲ ಎಂಬುದಕ್ಕೆ ಈ ವಾದದಲ್ಲಿ ಉತ್ತರ ಸಿಗುವುದಿಲ್ಲ. ನನ್ನ ತೀರ್ಮಾನ ಇಷ್ಟು: ಹೊಸ ಜೀನ್ ಬರಲಿ, ಪರೀಕ್ಷೆ ಪಾಸಾದರೆ ಹೊಲಕ್ಕೂ ಬರಲಿ. ಆದರೆ ಅದನ್ನು ಮತ್ತೆ ಎಂಟು ತಿಂಗಳು ನಿಲ್ಲುವ ಹೈಬ್ರಿಡ್‌ನಲ್ಲಿ ಹಾಕಿ, ಆಶ್ರಯ ಬೆಳೆ ಇಲ್ಲದೆ ಬಿತ್ತಿದರೆ ಅದು ಹಳೆಯ ದಾರಿಯನ್ನೇ ಹಿಡಿಯುತ್ತದೆ. ಹುಳುವಿನ ಕಡೆಯಿಂದ ನೋಡಿದರೆ ಏನೂ ಬದಲಾಗಿರುವುದಿಲ್ಲ.

ಮೂರನೆಯ ದನಿ ಕೃಷಿ ವಿಜ್ಞಾನಿಗಳದ್ದು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ರಾಯಚೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಸಲಹೆಗಳ ತಿರುಳು ಒಂದೇ. 150–160 ದಿನದಲ್ಲಿ ಮುಗಿಯುವ ತಳಿ ಬಿತ್ತಿ, ಗಿಡಗಳನ್ನು ಒತ್ತಾಗಿ ಹಾಕಿ, ಡಿಸೆಂಬರ್ ಒಳಗೆ ಬೆಳೆ ಮುಗಿಸಿ. ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ ಕಟ್ಟಿ ಪತಂಗ ಎಣಿಸಿ. ಬಲೆಯೊಂದಕ್ಕೆ ರಾತ್ರಿಗೆ ಎಂಟು ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ, ಅಥವಾ ನೂರರಲ್ಲಿ ಹತ್ತು ಹೂ ಅಥವಾ ಕಾಯಿಯಲ್ಲಿ ಹುಳು ಕಂಡರೆ ಆಗ ಔಷಧ. ಸುಮ್ನೆ ಪಂಚಾಂಗ ನೋಡಿ ಹೊಡೆಯುವುದು ಬೇಡ. ಹೆಣ್ಣಿನ ವಾಸನೆ ಬಿಡುವ ಪಿಬಿ ನಾಟ್ ಎಂಬ ಹಗ್ಗದ ತುಂಡುಗಳನ್ನು ಎಕರೆಗೆ 160ರಂತೆ ಗಿಡಗಳಿಗೆ ಕಟ್ಟುವ ವಿಧಾನವೂ ಇದೆ. ಹೊಲವೆಲ್ಲ ಹೆಣ್ಣಿನ ವಾಸನೆಯೇ ತುಂಬಿದರೆ ಗಂಡಿಗೆ ನಿಜವಾದ ಹೆಣ್ಣು ಸಿಗುವುದಿಲ್ಲ. ಒಬ್ಬರು ಕಟ್ಟಿ ಪಕ್ಕದವರು ಕಟ್ಟದಿದ್ದರೆ ಇದರ ಫಲ ಕಡಿಮೆ. ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಹಾರಿ ಬಂದು ಮೊಟ್ಟೆ ಇಡುತ್ತದೆ.

ಇಷ್ಟು ಸರಳ ಇದ್ದರೆ ರೈತರು ಯಾಕೆ ಮಾಡುವುದಿಲ್ಲ? ಯಾಕೆಂದರೆ ಜನವರಿಯ ಹತ್ತಿ ಕೈಗೆ ಬರುವ ಕೊನೆಯ ಹಣ. ಮೊದಲು ಬಿಡಿಸಿದ್ದು ಸಾಲಕ್ಕೆ ಹೋಗಿರುತ್ತದೆ. ಮಳೆ ಕೈಕೊಟ್ಟು ಮೊದಲ ಕಾಯಿಗಳು ಉದುರಿದ ವರ್ಷ, ತಡವಾಗಿ ಬರುವ ಕಾಯಿಯೇ ಆಸರೆ. ಹತ್ತಿ ಕಟ್ಟಿಗೆ ಒಲೆಗೆ ಬೇಕು. ಬೇರೆ ಉರುವಲು ಇಲ್ಲದ ಮನೆಗೆ ಅದನ್ನು ಸುಟ್ಟುಹಾಕಿ ಎನ್ನುವುದು ಸುಲಭದ ಮಾತಲ್ಲ. ಶಿಸ್ತಿಲ್ಲ ಎಂದು ರೈತರನ್ನು ಬೈಯುವವರು ಈ ಲೆಕ್ಕ ನೋಡಿರುವುದಿಲ್ಲ.

ಹೀಗೇ ಮುಂದುವರಿದರೆ

ದೇಶದ ಹತ್ತಿ ಉತ್ಪಾದನೆ 2013–14ರಲ್ಲಿ 398 ಲಕ್ಷ ಬೇಲ್ (170 ಕೆಜಿಯ ಮೂಟೆ) ಮುಟ್ಟಿತ್ತು. ಈಗ 300 ಲಕ್ಷದ ಆಸುಪಾಸಿಗೆ ಇಳಿದಿದೆ. ಇದಕ್ಕೆಲ್ಲ ಹುಳುವೊಂದೇ ಕಾರಣ ಅಲ್ಲ, ಮಳೆ, ಮಣ್ಣು, ಬೆಲೆ ಎಲ್ಲವೂ ಸೇರಿವೆ. ಆದರೆ ಹತ್ತಿ ಬಿಡುವವರು ಕೊಡುವ ಕಾರಣಗಳಲ್ಲಿ ಹುಳು ಮುಂದಿದೆ. ಪಂಜಾಬಿನಲ್ಲಿ 2024ರಲ್ಲಿ ಹತ್ತಿ ಪ್ರದೇಶ ಸುಮಾರು 1 ಲಕ್ಷ ಹೆಕ್ಟೇರ್‌ಗೆ ಕುಸಿಯಿತು. ಅಲ್ಲಿ ಅದರ ಜಾಗಕ್ಕೆ ಬಂದದ್ದು ಹೆಚ್ಚಾಗಿ ಅಂತರ್ಜಲ ಹೀರುವ ಭತ್ತ. ಹತ್ತಿ ಕಡಿಮೆಯಾದರೆ ಗಿರಣಿಗಳು ಆಮದು ಕೇಳುತ್ತವೆ. ಆಮದು ಸುಂಕ ತೆಗೆದರೆ ಇಲ್ಲಿನ ಬೆಲೆ ಕುಗ್ಗುತ್ತದೆ. ಬೆಲೆ ಕುಗ್ಗಿದರೆ ಇನ್ನಷ್ಟು ರೈತರು ಹತ್ತಿ ಬಿಡುತ್ತಾರೆ. ಶುರುವಿನಲ್ಲಿ ಹೇಳಿದ ಸುದ್ದಿಗಳು ಹೀಗೆ ಒಂದಕ್ಕೊಂದು ಕೊಂಡಿಯಾಗಿವೆ.

ಕೂಲಿ ಹೆಣ್ಣುಮಕ್ಕಳ ಮಾತು ಈ ಚರ್ಚೆಗಳಲ್ಲಿ ಬರುವುದೇ ಇಲ್ಲ. ಹತ್ತಿ ಬಿಡಿಸುವ ಕೂಲಿ ಬಹಳ ಕಡೆ ಕೆಜಿ ಲೆಕ್ಕದಲ್ಲಿದೆ. ಹುಳು ಹೊಕ್ಕ ಕಾಯಿ ಪೂರ್ತಿ ಬಿರಿಯುವುದಿಲ್ಲ, ಬಿಡಿಸಲು ಎರಡರಷ್ಟು ಹೊತ್ತು, ತೂಕವೂ ಬಾರದು. ಅದೇ ಬಿಸಿಲಲ್ಲಿ ಅಷ್ಟೇ ಹೊತ್ತು ನಿಂತರೂ ಕೈಗೆ ಬರುವ ಹಣ ಕಡಿಮೆ.

ನೀರು, ಕಟ್ಟಿಗೆ, ಜೂನ್ ತಿಂಗಳು

ಸರ್ಕಾರದ ಕೈಯಲ್ಲಿ ಹುಳುವಿನ ವಿರುದ್ಧ ಹೊಸ ಜೀನ್‌ಗಿಂತ ಮೊದಲೇ ಬಳಸಬಹುದಾದ ಕೆಲವು ಸಾಧನಗಳಿವೆ. ಮೊದಲನೆಯದು ಕಾಲುವೆ. ತುಂಗಭದ್ರಾ, ನಾರಾಯಣಪುರ ಕಾಲುವೆಗಳ ಕೆಳಗಿನ ಹೊಲಗಳಲ್ಲಿ ಹತ್ತಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಬಹುಮಟ್ಟಿಗೆ ನೀರು ನಿರ್ಧರಿಸುತ್ತದೆ. ಡಿಸೆಂಬರ್ ನಂತರದ ನೀರು ಹಳೆಯ ಹತ್ತಿಗೆ ಹೋಗುವ ಬದಲು ಕಡಲೆ, ಜೋಳದಂತಹ ಎರಡನೇ ಬೆಳೆಗೆ ಹೋಗುವ ಹಾಗೆ ಬೀಜ, ಖರೀದಿ ಭರವಸೆ ಎರಡನ್ನೂ ಜೊತೆಗೆ ಕೊಟ್ಟರೆ, ಜನವರಿಯ ಹತ್ತಿ ಹಣಕ್ಕೆ ಬದಲಿ ಸಿಗುತ್ತದೆ. ಬರೀ ಕಿತ್ತುಹಾಕಿ ಎಂಬ ಆದೇಶಕ್ಕೆ ಯಾರೂ ಕಿವಿಗೊಡುವುದಿಲ್ಲ.

ಎರಡನೆಯದು ಕಟ್ಟಿಗೆ. ಗಿಡ ಪುಡಿ ಮಾಡುವ ಯಂತ್ರವನ್ನು ಊರಿಗೊಂದರಂತೆ ಬಾಡಿಗೆಗೆ ಸಿಗುವ ಹಾಗೆ ಮಾಡಿದರೆ ಪುಡಿ ಗೊಬ್ಬರವಾಗುತ್ತದೆ, ಒಣಕಾಯಿಯ ಹುಳುವೂ ಸಾಯುತ್ತದೆ. ಅದಕ್ಕಿಂತ ಅಗ್ಗದ ದಾರಿ ಕುರಿ. ಕೊನೆಯ ಹತ್ತಿ ಬಿಡಿಸಿದ ಹೊಲಕ್ಕೆ ಕುರಿ, ಮೇಕೆ ಬಿಟ್ಟರೆ ಉಳಿದ ಹಸಿಕಾಯಿಗಳನ್ನು ಹುಳುವಿನ ಸಮೇತ ತಿಂದು ಮುಗಿಸುತ್ತವೆ. ಕುರಿಗಾರರನ್ನು ಕರೆದು ಹೊಲದಲ್ಲಿ ಮಂದೆ ತರುಬುವ ಪದ್ಧತಿ ಉತ್ತರ ಕರ್ನಾಟಕಕ್ಕೆ ಹೊಸದೇನಲ್ಲ. ಜಿನ್ನಿಂಗ್ ಮಿಲ್‌ಗಳ ಒಳಗೂ ಹೊರಗೂ ಮೋಹಕ ಬಲೆ ಕಟ್ಟುವುದು ಮಿಲ್ ಮಾಲೀಕರ ಹೊಣೆ ಆಗಬೇಕು.

ಇನ್ನು ಬಿತ್ತನೆ. ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಮಣ್ಣಿನಿಂದ, ಕಟ್ಟಿಗೆ ರಾಶಿಯಿಂದ ಪತಂಗಗಳು ಏಳುತ್ತವೆ. ಅವು ಬದುಕುವುದು ಒಂದೆರಡು ವಾರ. ಅಷ್ಟರಲ್ಲಿ ಎಲ್ಲಾದರೂ ಹತ್ತಿಯ ಮೊಗ್ಗು ಸಿಗದಿದ್ದರೆ ಅವುಗಳ ಮರಿಗೆ ಆಹಾರವಿಲ್ಲ, ಸಂತತಿ ಅಲ್ಲಿಗೇ ನಿಲ್ಲುತ್ತದೆ. ಬೋರ್‌ವೆಲ್ ನೀರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲೇ ಬಿತ್ತಿದ ಒಂದು ಹೊಲ ಊರಲ್ಲಿದ್ದರೆ ಜೂನ್‌ನಲ್ಲೇ ಅದರಲ್ಲಿ ಮೊಗ್ಗು ಬಂದಿರುತ್ತದೆ. ಆ ಒಂದು ಹೊಲವೇ ಇಡೀ ಊರಿಗೆ ಹುಳುವನ್ನು ದಾಟಿಸುವ ಸೇತುವೆ. ಊರಿನವರೆಲ್ಲ ಮಳೆ ಹದವಾದ ಮೇಲೆ ಒಂದೇ ವಾರ, ಹತ್ತು ದಿನದೊಳಗೆ ಬಿತ್ತಿದರೆ, ಮೊದಲು ಎದ್ದ ಪತಂಗಗಳು ಎರಡೆಲೆಯ ಸಸಿಗಳ ಮೇಲೆ ಹಾರಾಡಿ, ಮರಿಗೆ ಆಹಾರ ಸಿಗದೆ ಸಾಯುತ್ತವೆ.